ಗೌನು ಬಿಚ್ಚುವಷ್ಟರಲ್ಲಿ

“ಸಾಕು ನಿಲ್ಸಿ ಸ್ವಾಮಿ!” ಎಂದು ತಂಗಿ ದೊಡ್ಡ ಡಾಕ್ಟರ ಶ್ರದ್ಧಾಂಜಲಿ ಭಾಷಣಕ್ಕೆ ಅಡ್ಡ ಬಂದಳು. “ತ್ಯಾಗಮಯಿಯಂತೆ, ದೇವತೆಯಂತೆ! ನಿಮ್ಮ ಆಸ್ಪತ್ರೆಯಲ್ಲೇ ಹಾಸಿಗೆ ಹಿಡಿದ ನಿಮ್ಮ ನರ್ಸಿಗೆ ಕೊನೇ ಗಳಿಗೇಲಿ ಒಂದು ಗುಟುಕು ನೀರು ಕೊಟ್ಟೋರು ಯಾರು? ಅದನ್ನ ಹೇಳಿ.”

ಅವಳದು ಬಸ್ಸಿನ ಕಂಡಕ್ಟರ್ ಕೆಲಸದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಸುತ್ತ ಕುಳಿತವರೆಲ್ಲ ತಲೆ ತಗ್ಗಿಸಿದರು. ಸೋಂಕಿನ ಭಯಕ್ಕೆ ಆಸ್ಪತ್ರೆಯವರು ಶವದ ಪೆಟ್ಟಿಗೆಗೆ ಮೊಳೆ ಹೊಡೆದೇ ಕಳಿಸಿದ್ದರು. ಅಕ್ಕನ ಮುಖವನ್ನೂ ಅವಳು ನೋಡಿರಲಿಲ್ಲ.

“ಹೋಗ್ಲಿ ಬಿಡೇ, ಹೋದ ಜೀವ ಬರುತ್ತಾ?” ಎಂದರು ಚಿಕ್ಕಮ್ಮ.

“ನೀನು ಸುಮ್ನಿರು ಚಿಕ್ಕಮ್ಮ. ಅವಳು ಒಬ್ಬಳೇ ಸತ್ತಳಾ, ಪಕ್ಕದಲ್ಲಿ ಯಾರಾದ್ರೂ ಇದ್ರಾ? ಅಷ್ಟು ಗೊತ್ತಾದ್ರೆ ಸಾಕು ನಂಗೆ.”

ದೊಡ್ಡ ಡಾಕ್ಟರು ಕೆಮ್ಮಿದರು. “ನೋಡಿಮ್ಮಾ, ನಿಯಮದ ಪ್ರಕಾರ ಎಲ್ಲಾ ವ್ಯವಸ್ಥೆ...”

“ನಿಮ್ಮ ವ್ಯವಸ್ಥೆಗೆ ಬೆಂಕಿ ಬೀಳ!”

*

ಜ್ವರ ಹರಡಿದ ಮೇಲೆ ಅಕ್ಕ ಮನೆಗೆ ಬರುತ್ತಿದ್ದದ್ದೇ ಅಪರೂಪ. ಬಂದರೂ ಬಾಗಿಲ ಹೊರಗೇ ಕುಳಿತು, ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಗೊಣಗುತ್ತಿದ್ದಳು.

“ಒಂದೊಂದು ಕೋಣೆಗೆ ಹೋಗೋಕೂ ಗೌನು, ಗ್ಲೌಸು ಎಲ್ಲ ಹಾಕ್ಕೋಬೇಕು. ಹೊರಗೆ ಬಂದ್ರೆ ಎಲ್ಲ ಬಿಚ್ಚಿ ಕೈ ತೊಳೀಬೇಕು. ಅಷ್ಟರಲ್ಲಿ ಪಕ್ಕದ ಕೋಣೇಲಿ ರೋಗಿ ಒತ್ತಿದ ಗಂಟೆ ಬಡ್ಕೊಳ್ಳುತ್ತೆ. ಇರೋಳು ಒಬ್ಬಳು. ಬಿಚ್ಚೋದಾ, ಓಡೋದಾ?”

“ಇನ್ನಿಬ್ಬರನ್ನ ಕೊಡಿ ಅಂತ ಕೇಳೇ.”

“ಕೇಳಿ ಕೇಳಿ ಬಾಯಿ ಒಣಗಿತು. ಸನ್ಮಾನ ಮಾಡ್ತೀವಿ ಅಂದ್ರು, ಜನ ಕೊಡ್ತೀವಿ ಅನ್ಲಿಲ್ಲ. ಈಗ ಆ ಗಂಟೆ ಕೇಳಿದ್ರೇ ಮೈ ಉರಿಯುತ್ತೆ ಕಣೇ. ಪಾಪ, ಒತ್ತೋರ ತಪ್ಪಲ್ಲ. ಆದ್ರೂ ಉರಿಯುತ್ತೆ.”

*

ಹಿಂದಿನ ಸಾಲಿನಿಂದ ಒಬ್ಬ ನರ್ಸು ಎದ್ದಳು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ಮಾಸ್ಕಿನ ದಾರ ಕೆನ್ನೆಯ ಮೇಲೆ ಕೆಂಪಗೆ ಬರೆ ಎಳೆದಿತ್ತು.

“ಆ ಹೊತ್ತಲ್ಲಿ ನಾನಿದ್ದೆ ವಾರ್ಡಲ್ಲಿ. ಪಕ್ಕದ ಕೋಣೇಲಿ ಒಂದು ಮಗೂಗೆ ಉಸಿರು ಕಟ್ತಿತ್ತು, ಅಲ್ಲಿದ್ದೆ. ನಿಮ್ಮಕ್ಕನ ಹತ್ರ ಯಾರೂ ಇರ್ಲಿಲ್ಲ.”

“ಗಂಟೆ ಒತ್ತಿದ್ದು ಕೇಳಿಸ್ಲಿಲ್ವಾ ನಿಂಗೆ?”

“ಅವರು ಒತ್ತಲೇ ಇಲ್ಲ. ಗಂಟೆ ಸ್ವಿಚ್ಚು ಅವರ ಅಂಗೈಯಲ್ಲೇ ಇತ್ತು. ನಾನೊಬ್ಬಳೇ ಇರೋದು ಅಂತ ಅವರಿಗೆ ಗೊತ್ತಿತ್ತು.”

ತಂಗಿಗೆ ಈ ಹೆಂಗಸನ್ನು ಬೈಯಲಾಗಲಿಲ್ಲ. ಪೆಟ್ಟಿಗೆಯತ್ತಲೇ ತಿರುಗಿದಳು.

“ಹಾಳಾದೋಳೇ! ಊರೋರಿಗೆಲ್ಲ ಓಡ್ದೆ, ನಿನಗೋಸ್ಕರ ಒಂದೇ ಒಂದ್ಸಲ ಒತ್ತೋಕೆ ಏನಾಗಿತ್ತೇ ನಿಂಗೆ?” ಹಲಗೆಯನ್ನು ಗುದ್ದಿ ಗುದ್ದಿ ಅತ್ತಳು. ಚಿಕ್ಕಮ್ಮ ಬಂದು ತೋಳು ಹಿಡಿದುಕೊಂಡರು.

ದೊಡ್ಡ ಡಾಕ್ಟರಿಗೆ ಫೋನು ಬಂತು. ಮಾತಾಡಿ, ನರ್ಸನ್ನು ಹುಡುಕಿಕೊಂಡು ಹಿಂದಕ್ಕೆ ಹೋದರು. “ಸಿಸ್ಟರ್, ವಾರ್ಡಲ್ಲಿ ನರ್ಸು ಯಾರೂ ಇಲ್ವಂತೆ. ಹೊರಡಿ ಹೊರಡಿ.”

ನರ್ಸು ಗೋಡೆಗೊರಗಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

“ಅವಳನ್ನ ಎಬ್ಬಿಸಿದ್ರೆ ನೋಡಿ!” ತಂಗಿ ಕಣ್ಣೊರೆಸಿಕೊಂಡು ಬಂದಳು. ಈ ಸಲ ಪಿಸುದನಿಯಲ್ಲೇ ಗದರಿಸಿದಳು. “ನಿಮಗೂ ದೇವರು ಎರಡು ಕೈ ಕೊಟ್ಟಿದಾನಲ್ಲ ಸ್ವಾಮಿ. ನೀವೇ ಹೋಗಿ, ಗೌನು ಹಾಕ್ಕೊಳಿ.”

ದೊಡ್ಡ ಡಾಕ್ಟರು ಅವಳನ್ನು ನೋಡಿದರು, ಗಡಿಯಾರ ನೋಡಿದರು, ವಾರ್ಡಿನ ಕಡೆ ಹೊರಟರು. ತಂಗಿ ಕುರ್ಚಿ ಎಳೆದು ನರ್ಸಿನ ಮುಂದೆ ಅಡ್ಡ ಹಾಕಿ ಕುಳಿತಳು.

ಹೊತ್ತಾಯಿತೆಂದು ಪೆಟ್ಟಿಗೆ ಎತ್ತುವವರು ಬಂದರು. ಅವರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಗಿಲಲ್ಲೇ ಚಪ್ಪಲಿ ಕಳಚಿ, ಸದ್ದಾಗದಂತೆ ಅಕ್ಕನನ್ನು ಎತ್ತಿಕೊಂಡರು.