ಗಂಡಿನ ಮನೆಯ ಒಲೆ ನೋಡಲು ಹೊರಟವರು

ಯಂಕಮ್ಮನಿಗೆ ಗಂಡು ಗೊತ್ತಾಯಿತು ಎಂದಾಗ ಅವಳ ಸೋದರತ್ತೆ ಆದೆಮ್ಮ ಕೇಳಿದ್ದು ಒಂದೇ ಮಾತು. "ಒಲಿ ನೋಡಾಕ ಯಾವಾಗ ಹೋಗೋದು?"

ಬಾಗಲವಾಡದ ಅವರ ಮನೆತನದಲ್ಲಿ ಅದು ರೂಢಿ. ಹೆಣ್ಣು ಕೊಡುವ ಮೊದಲು ಓಣಿಯ ಹೆಂಗಸರು ಗಂಡಿನ ಮನೆಗೆ ಹೋಗಿ, ಅವರ ಒಲೆಯ ಮೇಲೆ ತಾವೇ ರೊಟ್ಟಿ ಬಡಿದು ಉಂಡು ಬರಬೇಕು. ನೀರು ಎಷ್ಟು ದೂರ, ಅತ್ತೆಯಾಗುವವಳು ನಗುತ್ತಾಳೋ ಮುಖ ಗಂಟಿಕ್ಕುತ್ತಾಳೋ, ಒಂದೇ ಊಟದಲ್ಲಿ ತಿಳಿದುಬಿಡುತ್ತಿತ್ತು.

"ಅಕ್ಕಾ, ಗಂಡಿನ ಊರು ಉತ್ತರದ ಕಡೆ ಅದ. ರೈಲಿನಾಗ ಎರಡು ದಿನದ ಹಾದಿ. ನಾಗೋಜಿ ಎಲ್ಲಾ ನೋಡ್ಯಾನ" ಎಂದ ತಮ್ಮ ಬೂದೆಪ್ಪ, ಯಂಕಮ್ಮನ ಅಪ್ಪ.

ನಾಗೋಜಿ ಎಂಬಾತ ಆ ವರ್ಷ, ಅಂದರೆ ಎಪ್ಪತ್ತೊಂಬತ್ತರಲ್ಲಿ, ಕವಿತಾಳದ ಸಂತೆಯಲ್ಲಿ ಬೂದೆಪ್ಪನಿಗೆ ಸಿಕ್ಕ ಮದುವೆ ದಲ್ಲಾಳಿ. ವರದಕ್ಷಿಣೆ ಬೇಡ, ಮದುವೆ ಖರ್ಚೂ ಗಂಡಿನವರದೇ, ಹುಡುಗಿಯನ್ನು ರಾಯಚೂರು ಸ್ಟೇಷನ್‌ಗೆ ತಂದು ಬಿಟ್ಟರೆ ಸಾಕು ಎಂದಿದ್ದ. ಹೆಂಡತಿ ಸತ್ತ ಬೂದೆಪ್ಪನಿಗೆ ಅದು ದೇವರೇ ಬಂದು ಹೇಳಿದಂತೆ ಕೇಳಿಸಿತ್ತು.

ಆದೆಮ್ಮನಿಗೂ ಅನುಮಾನವೇನೂ ಬರಲಿಲ್ಲ. "ಎರಡು ದಿನ ಅಂದ್ರ ರೊಟ್ಟಿ ಜಾಸ್ತಿ ಬೇಕು" ಎಂದಳು, ಅಷ್ಟೆ. ರೈಲು ಹತ್ತುವ ಆಸೆಗೆ ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿದರು.

ರಾಯಚೂರು ಸ್ಟೇಷನ್ನಿನಲ್ಲಿ ಆ ದಂಡನ್ನು ಕಂಡು ನಾಗೋಜಿಯ ಮುಖ ಇಳಿಯಿತು. "ಇವರೆಲ್ಲ ಯಾರು?"

"ಹೆಣ್ಣಿನ ಕಡೆಯವರು ರೀ" ಎಂದಳು ಪಕ್ಕದ ಮನೆಯ ಕನಕಮ್ಮ. "ನಿಮ್ಮ ರೈಲಿನಾಗ ಜಾಗ ಸಾಲಂಗಿಲ್ಲೇನು?"

"ಈಗ ಹುಡುಗಿ ಒಬ್ಬಾಕಿ ಸಾಕು. ನಿಮ್ಮನ್ನ ಮುಂದಿನ ತಿಂಗಳು ಕರಕೊಂಡು ಹೋಗ್ತೀನಿ."

"ಅಲ್ಲೀಮಟ ಈ ರೊಟ್ಟಿ ಬೂಸ್ಟು ಹಿಡಿತಾವ್ರಿ" ಎಂದಳು ಆದೆಮ್ಮ.

ಹೆಂಗಸರು ನಕ್ಕರು. ನಾಗೋಜಿ ನಗಲಿಲ್ಲ. ಗಾಡಿ ಬರುವ ಹೊತ್ತಾಯಿತೆಂದು ಯಂಕಮ್ಮನ ರಟ್ಟೆ ಹಿಡಿದು ಎಳೆದ. ಆ ಹಿಡಿತ ಕಂಡು ಆದೆಮ್ಮನ ನಗು ನಿಂತಿತು. ಸಂತೆಯಲ್ಲಿ ಕುರಿ ಹಿಡಿಯುವವರು ಹಾಗೆ ಹಿಡಿಯುತ್ತಾರೆ.

"ನಿಲ್ರೀ. ಹುಡುಗನ ಅವ್ವನ ಹೆಸರೇನು?"

"ಲಕ್ಷ್ಮೀಬಾಯಿ."

"ಹುಡುಗಗ ಅವ್ವ ಇಲ್ಲ ಅಂದಿದ್ರಲ್ರೀ" ಎಂದ ಬೂದೆಪ್ಪ, ಪಾಪ, ಏನೂ ತಿಳಿಯದೆ.

ಹಾದಿಗೆ ಅಡ್ಡ ಬುತ್ತಿ ಗಂಟು ಹರವಿ ಕುಳಿತ ಹೆಂಗಸರನ್ನು ಎಬ್ಬಿಸಲೆಂದು ರೈಲ್ವೆ ಪೊಲೀಸಿನ ಗುಲಾಮ್ ದಸ್ತಗೀರ್ ಅಷ್ಟರಲ್ಲಿ ಅಲ್ಲಿಗೆ ಬಂದ. "ಯಾವ ಊರಿಗೆ ಹೊಂಟೀರಿ ಯವ್ವಾ?"

"ನಮಗ ಗೊತ್ತಿಲ್ರೀ. ಈ ಮನುಷ್ಯಾಗ ಗೊತ್ತು" ಎಂದಳು ಆದೆಮ್ಮ.

ದಸ್ತಗೀರ್ ನಾಗೋಜಿಯನ್ನು ನೋಡಿದ. ಆಮೇಲೆ, ಆಚೆ ಬೆಂಚಿನ ಮೇಲೆ ಹೊಸ ಸೀರೆಯುಟ್ಟು ಒಬ್ಬಳೇ ಕುಳಿತ ಹುಡುಗಿಯನ್ನು. "ಯಾರ ಜೊತಿ ಬಂದೀಯವ್ವಾ?"

ಅವಳು ನಾಗೋಜಿಯತ್ತ ಬೆರಳು ಮಾಡಿದಳು. ಹೆಸರು ಮೂಕಮ್ಮ, ಗೂಗಲ್ ಎಂಬ ಊರಿನವಳು. ಗಂಡು ಯಾರೆಂದು ಕೇಳಿದರೆ ಮೋಹನ, ಬಟ್ಟೆ ಅಂಗಡಿಯವನು ಎಂದಳು. ನಾಗೋಜಿ ಯಂಕಮ್ಮನಿಗೆ ಹೇಳಿದ್ದ ಗಂಡೂ ಅದೇ ಮೋಹನ, ಅದೇ ಬಟ್ಟೆ ಅಂಗಡಿಯವನು.

ನಾಗೋಜಿ ರಟ್ಟೆ ಬಿಟ್ಟು ಓಡಿದ. ಬುತ್ತಿ ಗಂಟುಗಳ ನಡುವೆ ಕಾಲಿಡಲು ಜಾಗವಿಲ್ಲದೆ ಮುಗ್ಗರಿಸಿದವನನ್ನು ದಸ್ತಗೀರ್ ಹಿಡಿದ.

ಅವನನ್ನು ಠಾಣೆಯ ಒಳಗೆ ಕೂಡಿಸಿ ಬಂದು ದಸ್ತಗೀರ್ ಹುಡುಗಿಯರಿಬ್ಬರಿಗೂ ಚಹಾ ತರಿಸಿದ. ತಾನು ದೂರವೇ ನಿಂತು, ಅವರು ಕುಡಿಯುವ ತನಕ ಏನೂ ಕೇಳಲಿಲ್ಲ. ಆಮೇಲೆ ಬೂದೆಪ್ಪನಿಗೆ ಮೆಲ್ಲಗೆ ಹೇಳಿದ. "ಇವರು ಲಗ್ನ ಅಂತ ಕರಕೊಂಡು ಹೋಗಿ ಮಾರ್ತಾರ. ಮನಿ ತೋರ್ಸದವಗ, ಜೋಡಿ ಯಾರೂ ಬರಬ್ಯಾಡ್ರಿ ಅನ್ನಾವಗ ಹುಡುಗಿ ಕೊಡಬ್ಯಾಡ್ರಿ. ಊರಾಗ ನಾಕು ಮಂದಿಗೆ ಹೇಳ್ರಿ."

ಬೂದೆಪ್ಪ ಬಗ್ಗಿ, ಚದುರಿದ ಬುತ್ತಿ ಗಂಟುಗಳನ್ನು ಕೂಡಿಸತೊಡಗಿದ.

ಮೂಕಮ್ಮ ಮಾತ್ರ ಊರಿಗೆ ಹೋಗಲಾರೆ ಎಂದು ಅತ್ತಳು. "ಸಾಕಿದ ಸೋದರಮಾವ ಒಳಗ ಕರಕೊಳ್ಳಂಗಿಲ್ಲ. ಮಂದಿ ಒಂದೊಂದು ಮಾತಾಡ್ತಾರ."

"ನಾವು ಇಷ್ಟು ಮಂದಿ ನಿಮ್ಮ ಕಟ್ಟಿ ಮ್ಯಾಲ ಕುಂತ್ರ ಯಾರು ಮಾತಾಡ್ತಾರ?" ಎಂದಳು ಕನಕಮ್ಮ. "ನಿಮ್ಮ ಮಾವಗ ನಾ ಹೇಳ್ತೀನಿ."

ಹೀಗೆ ಎಲ್ಲರೂ ಮೂಕಮ್ಮನ ಊರ ಕಡೆ ಹೋಗುವ ದೇವದುರ್ಗದ ಬಸ್ಸು ಹತ್ತಿದರು. ಯಂಕಮ್ಮ ಮೂಕಮ್ಮನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟು, "ಅತ್ತಿ, ನಾ ಒಬ್ಬಾಕೀನ ಆ ರೈಲು ಹತ್ತಿದ್ರ?" ಎಂದಳು. ಆದೆಮ್ಮ ಅವಳ ರಟ್ಟೆಯನ್ನು, ಅವನು ಹಿಡಿದಿದ್ದಲ್ಲೇ, ತಿಕ್ಕುತ್ತ ಕುಳಿತಳು.

ಸೀಟು ಖಾಲಿ ಇದ್ದರೂ ಬೂದೆಪ್ಪ ನಿಂತೇ ಇದ್ದ. ಬಹಳ ಹೊತ್ತು ನೋಡಿ ಆದೆಮ್ಮ ಅವನ ಧೋತರದ ಚುಂಗು ಹಿಡಿದು ಎಳೆದಳು.

"ಕೂಡ್ರೋ ತಮ್ಮಾ. ಹಾದಿ ಭಾಳ ಅದ."