ಎರಡು ಸೀಟು ಹಿಡಿದ ಹೆಂಗಸು

ಹದಿನೇಳು ವರ್ಷದಿಂದ ಜೋಹಾನ್ಸ್‌ಬರ್ಗಿನಿಂದ ನಮ್ಮೂರ ಕಡೆಗೆ ಜನರನ್ನೂ ಸಾಮಾನನ್ನೂ ಹೊತ್ತು ಗಡಿ ದಾಟಿಸುತ್ತಿದ್ದೇನೆ. ನಮ್ಮಂಥವರಿಗೆ ಮಲಯಿಚಾ ಅನ್ನುತ್ತಾರೆ. ಈ ಕಸುಬಿನಲ್ಲಿ ನಾನು ಕಲಿತದ್ದು ಒಂದೇ, ಯಾರನ್ನೂ ನಂಬಬಾರದು. ಅಳುವವರನ್ನಂತೂ ನಂಬಲೇಬಾರದು. ಹೋದ ವರ್ಷ ಒಬ್ಬಳು ಕಣ್ಣೀರು ಸುರಿಸುತ್ತಾ, ಹಾಸಿಗೆ ಹಿಡಿದ ತಾಯಿಗೆ ಅಂತ ಒಂದು ಹೊಸ ಹಾಸಿಗೆ ಕಳಿಸಿದಳು. ಬೈಟ್‌ಬ್ರಿಜ್ ಗಡಿಯಲ್ಲಿ ಸುಂಕದವನು ಅದನ್ನು ಕೊಯ್ದರೆ ಒಳಗೆ ಐವತ್ತಮೂರು ಮೊಬೈಲು. ನನ್ನ ವ್ಯಾನು ಆರು ವಾರ ಅವರ ಅಂಗಳದಲ್ಲಿ ಬಿಸಿಲಿಗೆ ಬಿದ್ದಿತ್ತು. ಬಿಡುವಾಗ ಆ ಅಧಿಕಾರಿ ಬೆರಳೆತ್ತಿ, ನನ್ನ ಹೆಸರು ಹಿಡಿದು ಹೇಳಿದ, "ಇನ್ನೊಂದ್ ಸಲ ಏನಾದ್ರೂ ಸಿಕ್ತೋ, ಗುಮೆಡೆ, ವ್ಯಾನ್ ಮರ್ತುಬಿಡು."

ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಅವತ್ತಿನಿಂದ ನಾನು ನೀರನ್ನೂ ಊದಿಯೇ ಕುಡಿಯುತ್ತಿದ್ದೆ.

ಮಾತ್ಶುಮಾ ಅನ್ನುವ ಹೆಂಗಸು ಬಂದದ್ದು ಬುಧವಾರ. ನಲವತ್ತರ ಆಸುಪಾಸು, ಬಡಕಲು ಮೈ, ನೆಟ್ಟ ನೋಟ. ಅವಳು ಅಳಲಿಲ್ಲ. ಅದೂ ನನಗೆ ಸರಿಕಾಣಲಿಲ್ಲ.

"ಶುಕ್ರವಾರ ನಮ್ಮೂರು ಚೊಲೊಚೊಗೆ ಎರಡು ಸೀಟ್ ಬೇಕಿತ್ತಣ್ಣ," ಅಂದಳು. "ಒಂದು ನಂಗೆ. ಇನ್ನೊಂದು ನಮ್ಮನೆಯವ್ರಿಗೆ."

"ಅವ್ರ ಪಾಸ್‌ಪೋರ್ಟ್ ತಂದಿದೀಯಾ?"

"ಅವ್ರಿಗೆ ಪಾಸ್‌ಪೋರ್ಟ್ ಬೇಕಾಗಲ್ಲ. ಏಪ್ರಿಲ್‌ನಲ್ಲಿ ತೀರ್ಕೊಂಡ್ರು."

ನಾವು ಎಂಡೆಬೆಲೆ ಜನ, ನಮಗೆ ಇಷ್ಟು ಹೇಳಿದರೆ ಸಾಕು. ಊರಿಂದ ದೂರ ಸತ್ತವನ ಹೆಣ ಊರು ಸೇರಬಹುದು, ಆತ್ಮ ಮಾತ್ರ ಬಿದ್ದ ಜಾಗದಲ್ಲೇ ಅಲೆಯುತ್ತಿರುತ್ತದೆ. ಉಂಫಾಫ ಮರದ ಮುಳ್ಳುಕೊಂಬೆ ಹಿಡಿದು ಸತ್ತ ಜಾಗಕ್ಕೇ ಹೋಗಿ, ಹೆಸರು ಹಿಡಿದು ಕರೆದು, ಕೊಂಬೆಗೆ ಹತ್ತಿಸಿಕೊಂಡು ಮನೆಗೆ ಕರೆತರಬೇಕು. ಗಾಡಿಯಲ್ಲಿ ಅವರಿಗೂ ಒಂದು ಸೀಟು ಹಿಡಿಯಬೇಕು. ಕೊಂಬೆ ಹಿಡಿದವರು ಮನೆ ಮುಟ್ಟುವವರೆಗೆ ಸತ್ತವರ ಜೊತೆ ಮಾತ್ರ ಮಾತಾಡಬೇಕು. ಬದುಕಿದ್ದವರೊಡನೆ ಒಂದೇ ಒಂದು ಮಾತಾಡಿದರೂ ಆತ್ಮ ಕೊಂಬೆಯಿಂದ ಇಳಿದು ಹೊರಟುಹೋಗುತ್ತದೆ. ಆಮೇಲೆ ಬಿದ್ದ ಜಾಗಕ್ಕೆ ಹೋಗಿ ಮೊದಲಿನಿಂದ ಕರೆಯಬೇಕು, ಅಲ್ಲಿಗೆ ಬಿಟ್ಟರೆ.

ಇವಳ ಗಂಡ ಗಾರೆ ಕೆಲಸದವನು. ಕಟ್ಟುತ್ತಿದ್ದ ಅಂಗಡಿ ಸಂಕೀರ್ಣವೊಂದರ ಮೂರನೇ ಅಂತಸ್ತಿನಿಂದ ಬಿದ್ದಿದ್ದ. ಹೆಣದ ಜೊತೆ ಹೋದ ಮೈದುನ ಅವಸರದಲ್ಲಿ ಇದೊಂದು ಮಾಡದೆ ಬಿಟ್ಟಿದ್ದ. ಈಗ ಮಗಳು ಸಿತಾಬಿಲೆಯ ಕನಸಿನಲ್ಲಿ ಅಪ್ಪ ಬಂದು ಚಳಿ ಚಳಿ ಅನ್ನುತ್ತಾನಂತೆ. ಇವಳು ಮೂರು ವಾರ ಆ ಕಟ್ಟಡದ ಗೇಟಿನಲ್ಲಿ ನಿಂತು ಕಾವಲಿನವನನ್ನು ಕಾಡಿ ಬೇಡಿದ ಮೇಲೆ, ಶುಕ್ರವಾರ ಬೆಳಿಗ್ಗೆ ಹತ್ತು ನಿಮಿಷ ಒಳಗೆ ಬಿಡುತ್ತೇನೆ ಅಂದಿದ್ದ. ಶನಿವಾರ ಊರಿನ ಅಂಗಳದಲ್ಲಿ ನೆಂಟರೆಲ್ಲ ಸೇರುತ್ತಾರೆ, ಬಿಯರಿಗೆ ಜೋಳ ಮೊಳಕೆ ಕಟ್ಟಿ ಆಗಿದೆ ಅಂದಳು.

ನಾನು ಹೂಂ ಅಂದೆ. ಅವಳು ಅತ್ತ ಹೋದದ್ದೇ ತಲೆಯಲ್ಲಿ ಹುಳ ಹೊಕ್ಕಿತು. ನಮ್ಮ ಕಸುಬಿನವನೇ ಒಬ್ಬನಿಗೆ ಹೀಗೆಯೇ ಒಬ್ಬಳು ಕೊಂಬೆ ತೋರಿಸಿ ಎರಡು ಸೀಟು ಹಿಡಿದಿದ್ದಳು. ಗಡಿಗೆ ಮುಂಚಿನ ಊರು ಮುಸೀನಾ ದಾಟಿದ ಮೇಲೆ ಪೊದೆಯಿಂದ ಆತ್ಮ ಎದ್ದು ಬಂದು ಸೀಟಿನಲ್ಲಿ ಕೂತಿತು. ಆ ಆತ್ಮಕ್ಕೆ ಗಡ್ಡವಿತ್ತು, ಪಾಸ್‌ಪೋರ್ಟ್ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಳೇ ಗೋದಾಮಿನ ಹಿಂದಿನ ಅಂಗಳದಲ್ಲಿ ನಾನೂ ಪ್ರಯಾಣಿಕರೂ ಸೇರಿ ಸಾಮಾನು ಏರಿಸುತ್ತಿದ್ದೆವು. ಟ್ರೇಲರಿನ ಮೇಲೆ ಎಣ್ಣೆ ಡಬ್ಬ, ಮುಸುಕಿನ ಜೋಳದ ಹಿಟ್ಟಿನ ಮೂಟೆ, ತಗಡು, ಕೈಗಾಡಿ, ಒಂದರ ಮೇಲೊಂದು ಪ್ಲಾಸ್ಟಿಕ್ ಕುರ್ಚಿ. ಗಡಿಯಾಚೆಯ ಪೊಲೀಸರಿಗೆ ಬೇಕಾದ ಕೆಂಪು ತ್ರಿಕೋನ ಎರಡು, ಬೆಂಕಿ ಆರಿಸುವ ಡಬ್ಬಿ, ಹೊಳೆಯುವ ಪಟ್ಟಿ ಎಲ್ಲ ಇದ್ದವು. ಗಾಡಿ ಕದ್ದದ್ದಲ್ಲ ಅನ್ನುವ ಪೊಲೀಸ್ ಕಾಗದವನ್ನು ಮೂರು ಸಲ ತೆಗೆದು ನೋಡಿ ಮೂರು ಸಲ ಒಳಗಿಟ್ಟೆ. ಟ್ರೇಲರಿನ ಎಡಗಡೆ ಟೈರು ಸವೆದು ನೂಲು ಕಾಣುತ್ತಿತ್ತು. ಗಿಡ್ಡ ಜಾಕಿಯ ಕೆಳಗೆ ಒಂದು ಇಟ್ಟಿಗೆ ಇಟ್ಟು ಟ್ರೇಲರನ್ನು ಎತ್ತಿ ಚಕ್ರ ಬಿಚ್ಚಿದ್ದೆ.

ಅಷ್ಟರಲ್ಲಿ ಮಾತ್ಶುಮಾ ಬಂದಳು. ಹಸಿರು ಟೋಪಿಯ ಒಬ್ಬ ಅವಳಿಗೆ ನಮ್ಮ ವ್ಯಾನನ್ನು ಕೈಮಾಡಿ ತೋರಿಸಿ ಅಂಗಳದ ಬಾಗಿಲಲ್ಲೇ ಸಿಗರೇಟು ಸೇದುತ್ತಾ ನಿಂತ. ಅವಳ ಎದೆಯ ಮೇಲೆ ಕಂಬಳಿಯಲ್ಲಿ ಸುತ್ತಿದ ಒಂದು ಗಂಟು. ಒಂದು ಕೊಂಬೆಗೆ ಅದು ತೀರಾ ದಪ್ಪ.

"ಕಂಬಳಿಯೊಳಗೆ ಏನಿದೆ?" ಅಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ತನ್ನ ಎಡಕ್ಕೆ, ಯಾರೂ ಇಲ್ಲದ ಕಡೆ ನೋಡಿ, "ಸಿತಾಬಿಲೆ ಅಪ್ಪಾ, ಡ್ರೈವರ್ ಏನೋ ಕೇಳ್ತಿದಾರೆ. ಬೇಜಾರು ಮಾಡ್ಕೋಬೇಡಿ, ಅವ್ರ ಕೆಲಸ ಅವ್ರು ಮಾಡ್ತಾರೆ," ಅಂದಳು.

ಎಣ್ಣೆ ಡಬ್ಬದ ಮೇಲೆ ಕೂತಿದ್ದ ಗೋಗೊ ಮೊಯೊ ನಕ್ಕಳು. ಎಲ್ಲರೂ ಗೋಗೊ, ಅಂದರೆ ಅಜ್ಜಿ, ಅನ್ನುವ ಈ ಮುದುಕಿ ವರ್ಷಕ್ಕೆ ನಾಲ್ಕು ಸಲ ನನ್ನ ಗಾಡಿಯಲ್ಲೇ ಹೋಗುವವಳು, ನಾಲಿಗೆಗೆ ಮೂಳೆಯಿಲ್ಲ. "ಕೊಂಬೆ ಕಣೋ, ಇನ್ನೇನಿರುತ್ತೆ?"

"ಕೊಂಬೆ ಅಷ್ಟು ದಪ್ಪ ಇರುತ್ತಾ, ಗೋಗೊ?"

"ಅವ್ಳ ಗಂಡ ಎಷ್ಟು ದಪ್ಪ ಇದ್ನೋ ನಿಂಗೇನೋ ಗೊತ್ತು? ಸುಮ್ನೆ ಚಕ್ರ ಹಾಕೋ, ಹೊತ್ತಾಯ್ತು."

ನಾನು ಬಿಡಲಿಲ್ಲ. ಪಾಸ್‌ಪೋರ್ಟ್ ಕೇಳಿದೆ, ಕೊಟ್ಟಳು. ಹೊಸದು, ಒಂದು ಮುದ್ರೆಯೂ ಇಲ್ಲ. "ಇಷ್ಟು ವರ್ಷ ಹೇಗೆ ಓಡಾಡಿದೆ? ನದಿ ಈಜ್ಕೊಂಡಾ?" ಅಂದೆ. "ಹಸಿರು ಟೋಪಿಯವ್ನು ಯಾರು?" ಅವಳು ಕಂಬಳಿಯ ಅಂಚು ಸರಿಮಾಡಿಕೊಂಡಳು. ಕಡೆಗೆ ಕಂಬಳಿ ಬಿಚ್ಚು ಅಂದೆ. ಅವಳು ಒಂದು ತುದಿಯನ್ನು ಮಾತ್ರ ಸರಿಸಿದಳು. ಬೆರಳು ತೂರಿಸಿ ನೋಡಿದೆ. ಮುಳ್ಳು ಚುಚ್ಚಿ ರಕ್ತ ಬಂತು. ಮುಳ್ಳಿನ ಸುತ್ತ ಮೆತ್ತಗೆ ಇನ್ನೇನೋ ಕೈಗೆ ತಾಗಿತು.

"ಇದೇನು?"

ಅವಳು ಗಂಟನ್ನು ಮೈಗೆ ಒತ್ತಿಕೊಂಡಳು. "ಮೂರು ವಾರ ಗೇಟ್ ಹತ್ರ ನಿಂತಿದ್ದೆ, ಸಿತಾಬಿಲೆ ಅಪ್ಪಾ," ಅಂದಳು ಗಾಳಿಗೆ. "ಇಲ್ಲಿ ಇನ್ನೊಂದರ್ಧ ಗಂಟೆ ನಿಲ್ಲೋದು ಏನ್ ಮಹಾ."

ನನ್ನ ಪಿತ್ತ ನೆತ್ತಿಗೇರಿತು. ಒಂದು ಹೀನ ಬುದ್ಧಿಯೂ ಹೊಳೆಯಿತು, ಮುಚ್ಚಿಡುವುದಿಲ್ಲ. ನಾಟಕದವಳಾದರೆ ಬೆದರಿಸಿದರೆ ಬಾಯಿಬಿಡುತ್ತಾಳೆ ಅಂದುಕೊಂಡೆ. ಅವಳ ಹಿಂದೆ ಹೋಗಿ "ಹಾವು! ಕಾಲ ಹತ್ರ ಹಾವು!" ಅಂತ ಕೂಗಿದೆ. ಗೋಗೊ ಮೊಯೊ ಎಪ್ಪತ್ತು ವರ್ಷದ ಮಂಡಿಯನ್ನು ಮರೆತು ಡಬ್ಬದ ಮೇಲೆ ಎದ್ದು ನಿಂತಳು. ಮಾತ್ಶುಮಾ ಬೆಚ್ಚಿದಳು, ತುಟಿ ಕಚ್ಚಿದಳು, ಸದ್ದು ಬರಲಿಲ್ಲ.

"ಥೂ, ನಿನ್ನ ಮುಖಕ್ಕಿಷ್ಟು!" ಅಂತ ಮುದುಕಿ ಚಪ್ಪಲಿ ಕೈಗೆ ತೆಗೆದುಕೊಂಡಳು. "ಅಮ್ಮ ಹೆತ್ತಳೋ ಸುಂಕದವರು ಹೆತ್ತರೋ ನಿನ್ನ?"

ಬೈಸಿಕೊಂಡು ಟೈರು ಬದಲಿಸಲು ಮೂಲೆ ಅಂಗಡಿಗೆ ಹೋದೆ. ಹೊಸ ಟೈರು ಹಾಕಿಸಿ ಚಕ್ರ ಉರುಳಿಸುತ್ತಾ ವಾಪಸು ಬರುವಾಗ ಕಂಡೆ. ಮಾತ್ಶುಮಾ ಟ್ರೇಲರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದು ಕೈಯನ್ನು ಕೆಳಗೆ ತೂರಿಸಿದ್ದಾಳೆ. ನನ್ನನ್ನು ನೋಡಿದ್ದೇ ಎದ್ದು ಕೈ ಒರೆಸಿಕೊಂಡಳು. ಆಮೇಲೆ ಗಾಳಿಗೆ, ಆದರೆ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು:

"ಆ ಇಟ್ಟಿಗೆ ನೋಡಿದ್ರಾ, ಸಿತಾಬಿಲೆ ಅಪ್ಪಾ? ನೀವಾಗಿದ್ರೆ ಒಂದ್ ಸಲ ತಟ್ಟಿ ನೋಡಿ ಆಚೆ ಎಸೀತಿದ್ರಿ."

ಇಷ್ಟು ಜೋರಾಗಿ ಯಾರಿಗೆ ಹೇಳುತ್ತಿದ್ದಾಳೆ? ಬಾಗಿಲಲ್ಲಿ ಹಸಿರು ಟೋಪಿಯವನು ಇನ್ನೂ ನಿಂತಿದ್ದ, ಈ ಕಡೆಯೇ ನೋಡುತ್ತಿದ್ದ. ಸಿಕ್ಕಿಬಿದ್ದಳು ಅಂದುಕೊಂಡೆ. ಇಟ್ಟಿಗೆ ಅನ್ನುವುದು ಇವರಿಬ್ಬರ ಗುಟ್ಟಿನ ಮಾತು. ಸರಕನ್ನು ನನ್ನ ಟ್ರೇಲರಿನ ಹೊಟ್ಟೆಗೆ ಕಟ್ಟಿದ್ದಾಳೆ. ಬೈಟ್‌ಬ್ರಿಜ್‌ನಲ್ಲಿ ಕನ್ನಡಿ ಹಿಡಿದು ಕೆಳಗೆ ನೋಡುತ್ತಾರೆ, ಅಲ್ಲಿಗೆ ನನ್ನ ವ್ಯಾನು, ನನ್ನ ಅನ್ನ ಎರಡೂ ಹೋಯಿತು. ಚಕ್ರವನ್ನು ಅಲ್ಲೇ ಕೆಡವಿ ಟ್ರೇಲರಿನ ಕೆಳಗೆ ತೆವಳಿದೆ.

ಮೊದಲು ಚಕ್ರ ಹಾಕಬೇಕು, ಆಮೇಲೆ ಕೆಳಗೆ ಹೋಗಬೇಕು. ಹದಿನೇಳು ವರ್ಷದಲ್ಲಿ ನಾನೇ ಎಷ್ಟು ಜನಕ್ಕೆ ಹೇಳಿಲ್ಲ!

ಕೆಳಗೆ ಗ್ರೀಸು, ಧೂಳು, ಜೇಡರ ಬಲೆ. ಜಾಕಿಯ ಪಕ್ಕದಲ್ಲಿ ನಾನಿಡದ ಒಂದು ಮರದ ತುಂಡನ್ನು ಯಾರೋ ಬಿಗಿಯಾಗಿ ಸಿಕ್ಕಿಸಿದ್ದರು. ಅದರ ಹಿಂದೆಯೇ ಬಚ್ಚಿಟ್ಟಿದ್ದಾಳೆ ಅನ್ನಿಸಿತು. ಎರಡೂ ಕೈಯಿಂದ ಹಿಡಿದು ಎಳೆದೆ. ಬರಲಿಲ್ಲ. ಕಾಲು ಊರಿ ಜಗ್ಗಿದೆ. ಕಿತ್ತುಬಂತು. ಅದರ ಹಿಂದೆ ಏನೂ ಇರಲಿಲ್ಲ. ಕಿವಿಯ ಪಕ್ಕದಲ್ಲೇ ಟಕ್ ಅಂತ ಏನೋ ಒಡೆದ ಸದ್ದಾಯಿತು.

"ಅಣ್ಣಾ! ಹೊರಗೆ ಬಾ! ಇಟ್ಟಿಗೆ ಹೋಯ್ತು, ಹೊರಗೆ ಬಾ!"

ಯಾರ ಗಂಟಲು ಅಂತ ಯೋಚಿಸುವಷ್ಟು ಹೊತ್ತಿರಲಿಲ್ಲ. ಉರುಳಿದೆ. ಟ್ರೇಲರು ಕೂತ ಹೊಡೆತಕ್ಕೆ ಅಂಗಳವೇ ನಡುಗಿತು. ಕುರ್ಚಿಗಳು ಉದುರಿದವು, ಒಂದು ಹಿಟ್ಟಿನ ಮೂಟೆ ಒಡೆದು ನನ್ನ ಮೈಯೆಲ್ಲ ಬಿಳಿಯಾಯಿತು. ನನ್ನ ತಲೆಯಿದ್ದ ಜಾಗದಲ್ಲಿ ಕಬ್ಬಿಣ ಕೂತಿತ್ತು. ಹಸಿರು ಟೋಪಿಯವನು ಓಡಿಬಂದು ತೋಳು ಹಿಡಿದು ಎಬ್ಬಿಸಿದ. ಅವನು ಪಕ್ಕದ ಗ್ಯಾರೇಜಿನವನು, ಟೀ ಹೊತ್ತಿನಲ್ಲಿ ಸಿಗರೇಟಿಗೆ ಬಂದವನು, ದಾರಿ ಹುಡುಕುತ್ತಿದ್ದವಳಿಗೆ ದಾರಿ ತೋರಿಸಿದ್ದ. ಅವನ ಕಾಲ ಬಳಿ ಇಟ್ಟಿಗೆ ಎರಡು ಹೋಳಾಗಿ ಬಿದ್ದಿತ್ತು, ಒಳಗೆಲ್ಲ ಬೂದಿಯಂತೆ ಪುಡಿ. ಅದು ಬಿರಿದದ್ದನ್ನು ಕಂಡೇ ಅವಳು ಮರದ ತುಂಡು ಸಿಕ್ಕಿಸಿದ್ದಳು. ನನಗೆ ಹೇಳಲಾಗದೆ ಗಂಡನಿಗೆ ಹೇಳಿದ್ದಳು, ನನ್ನ ಕಿವಿಗೆ ಬೀಳಲಿ ಅಂತ.

ಮಾತ್ಶುಮಾ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಅಯ್ಯೋ ಮಗಳೇ," ಅಂದಳು ಗೋಗೊ ಮೊಯೊ. "ಮಾತಾಡಿಬಿಟ್ಯಲ್ಲೇ."

ಅವಳು ನೆಲದ ಮೇಲೆ ಕುಸಿದಳು. ಎಡಕ್ಕೆ ನೋಡಿದಳು. ಅಲ್ಲಿ ಈಗ ಯಾರೂ ಇಲ್ಲ ಅನ್ನುವುದು ನಮಗೆಲ್ಲ ಗೊತ್ತಿತ್ತು. ಆಮೇಲೆ ತಾನೇ ಕಂಬಳಿ ಬಿಚ್ಚಿ ಹಾಸಿದಳು. ಒಂದು ಮೊಳದ ಕೊಂಬೆ. ಅದರ ಸುತ್ತ ಸಿಮೆಂಟು ಮೆತ್ತಿದ ಒಂದು ಹಳೆಯ ಉಣ್ಣೆ ಅಂಗಿ.

"ಚಳಿ ಅಂತಿದ್ರಲ್ಲ, ಅದಕ್ಕೆ ಅವ್ರ ಅಂಗಿನೇ ಸುತ್ತಿದ್ದೆ," ಅಂದಳು. ನನ್ನನ್ನು ಮೊದಲ ಸಲ ನೇರವಾಗಿ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಈಗ ಕೇಳಿ ಅಣ್ಣ. ಈಗ ನಾನು ಮಾತಾಡ್ಬಹುದು. ಏನ್ ಬೇಕಾದ್ರೂ ಕೇಳಿ."

ಜೇಬಿನಿಂದ ಅವಳ ಪಾಸ್‌ಪೋರ್ಟ್ ತೆಗೆದು, ಮೆತ್ತಿದ ಹಿಟ್ಟು ಒರೆಸಿ, ಅವಳ ಕೈಗಿಟ್ಟೆ.

ತುಂಬಿದ ಟ್ರೇಲರನ್ನು ಕಳಚಿ, ಜನ್ಮದಲ್ಲಿ ಮೊದಲ ಸಲ ಗುರುತಿಲ್ಲದವನ ಕೈಗೆ, ಆ ಹಸಿರು ಟೋಪಿಯವನಿಗೆ, ಒಪ್ಪಿಸಿದೆ. ಗಡಿಗೆ ಹೊತ್ತಾಗುತ್ತದೆ ಅಂತ ಬೆಳಿಗ್ಗೆಯಿಂದ ಗೊಣಗುತ್ತಿದ್ದ ಪ್ರಯಾಣಿಕರೇ ಉದುರಿದ ಕುರ್ಚಿಗಳನ್ನು ಎತ್ತಿ ಜೋಡಿಸತೊಡಗಿದರು. ಮಾತ್ಶುಮಾಳನ್ನು ವ್ಯಾನಿಗೆ ಹತ್ತಿಸಿಕೊಂಡು ಆ ಕಟ್ಟಡಕ್ಕೆ ಹೊರಟೆ. ದಾರಿಯಲ್ಲಿ ಅವಳು ಒಂದೇ ಮಾತು ಹೇಳಿದಳು. "ಕಾವಲಿನವ್ರು ಇವತ್ತೊಂದೇ ದಿನ ಅಂದಿದ್ರು."

ಗೇಟಿನ ಕಾವಲಿನವನು ವಯಸ್ಸಾದ ಝುಲು ಮನುಷ್ಯ, ಕೈಯಲ್ಲಿ ಲಾಠಿ. "ಒಳಗೆ ಗಾಜು ಕೂರಿಸ್ತಿದಾರೆ. ಯಾರನ್ನೂ ಬಿಡಲ್ಲ," ಅಂದ. ಹಿಟ್ಟು ಮೆತ್ತಿದ ನನ್ನ ಮುಖ ನೋಡಿ ಅವನ ಹುಬ್ಬು ಮೇಲೇರಿತು. ಯಾರು ನೀನು, ಏನು ತಂದಿದ್ದೀ, ಏನು ಹೊತ್ತುಕೊಂಡು ಹೋಗಲು ಬಂದೆ ಅಂತ ಒಂದೊಂದಾಗಿ ಕೇಳಿದ. ಒಂದೊಂದಕ್ಕೂ ಉತ್ತರ ಹೇಳಿದೆ. ವ್ಯಾನಿನ ಬಾಗಿಲು ತೆಗೆಸಿದ, ತೆಗೆದೆ. ಬಗ್ಗಿ ಕೆಳಗೂ ನೋಡಿದ.

ಎದ್ದಾಗ ಅವಳ ಕೈಯಲ್ಲಿದ್ದ ಕೊಂಬೆ ಕಂಡಿತು.

"ಬೆಳಿಗ್ಗೆ ಕರ್ಕೊಂಡ್ ಹೋದ್ಯಲ್ಲಮ್ಮ," ಅಂದ.

ಅವಳು ತಲೆ ತಗ್ಗಿಸಿದಳು. ಈ ಕಟ್ಟಳೆ ಝುಲು ಜನರಲ್ಲೂ ಇದೆ, ಅವನಿಗೆ ಅಷ್ಟೇ ಸಾಕಾಯಿತು. ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದ, "ಯಾರು ಮಾತಾಡಿಸಿದ್ದು?"

ಅವಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನು," ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಒಬ್ಬರು ನುಗ್ಗುವಷ್ಟು ಗೇಟು ತೆರೆದು ಅವಳನ್ನು ಒಳಗೆ ಬಿಟ್ಟ. ಅವಳ ಹಿಂದೆ ಹೆಜ್ಜೆಯಿಟ್ಟ ನನ್ನ ಎದೆಗೆ ಲಾಠಿ ಅಡ್ಡ ಬಂತು.

"ನೀನು ಇಲ್ಲೇ ನಿಲ್ಲು," ಅಂದ. "ಬಾಯಿ ಮುಚ್ಕೊಂಡು."