ತಂಗಿಯ ಕಾರ್ಡು, ಅಕ್ಕನ ಬಾಯಿ

ಕೊರಿಯರಿನವನು ಬಾಗಿಲು ತಟ್ಟಿದಾಗ ನಾನು ಪ್ಯಾಂಟಿನ ಜಿಪ್ಪು ಬಿಚ್ಚುತ್ತಾ ಕೂತಿದ್ದೆ. ನಗಬೇಡಿ, ಪ್ಯಾಂಟು ಗಿರಾಕಿಯದು. ಕೆಟ್ಟ ಜಿಪ್ಪು ತೆಗೆದು ಹೊಸದು ಹಾಕುವುದು, ಗುಂಡಿ ಹೊಲಿಯುವುದು, ಉದ್ದ ಇದ್ದದ್ದನ್ನು ಗಿಡ್ಡ ಮಾಡುವುದು, ಇದೇ ನನ್ನ ಕಸುಬು. ಬಂದದ್ದು ನನ್ನ ತಂಗಿಯ ಹೆಸರಿನ ಕವರು. ಅವಳು ಕೆಲಸಕ್ಕೆ ಹೋಗಿದ್ದಳು. ಮನೆಯವರೇನಾ ಎಂದು ಕೇಳಿದ, ಅಕ್ಕ ಎಂದೆ, ಸಹಿ ಹಾಕಿಸಿಕೊಂಡು ಕೊಟ್ಟುಹೋದ. ಕವರಿನ ನಡುವೆ ಗಟ್ಟಿಯಾಗಿ ಏನೋ ಬೆರಳಿಗೆ ಸಿಕ್ಕಿತು. ಅಂತೂ ಕ್ರೆಡಿಟ್ ಕಾರ್ಡು ಬಂತಲ್ಲ ಎಂದು ಖುಷಿಯಾಯಿತು. ಆ ಖುಷಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ದಿನ.

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಮಾತೆಲ್ಲ ಕೈಯಲ್ಲೇ. ಆದರೆ ಓದು ಬರಹದಲ್ಲಿ ನನ್ನನ್ನು ಮಾರಿ ತಿನ್ನುತ್ತಾಳೆ. ಹತ್ತೊಂಬತ್ತು ವರ್ಷದಿಂದ ಪುಸ್ತಕ ಬೈಂಡ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಹಾಳೆ ಮಡಿಸಿ, ಹೊಲಿದು, ಅಂಟು ಹಚ್ಚಿ, ರಟ್ಟು ಕೂರಿಸಿದರೆ ಅವಳ ಪುಸ್ತಕ ಎತ್ತಿ ಎಸೆದರೂ ಬಿಚ್ಚುವುದಿಲ್ಲ. ಅಲ್ಲಿಯ ಯಜಮಾನರಿಗೆ ಮಂಡಿನೋವು ಜಾಸ್ತಿಯಾಗಿ ಕಾರ್ಖಾನೆ ಮುಚ್ಚುವ ಯೋಚನೆ ಬಂತು. ಪುಸ್ತಕದ ಅಂಚು ಕತ್ತರಿಸುವ ದೊಡ್ಡ ಕಟಿಂಗ್ ಮಷಿನ್ ಒಂದಿತ್ತು. ಅದನ್ನು ಮೊದಲು ನಿನಗೇ ಕೊಡುತ್ತೇನೆ, ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದು ಅವರು ತಂಗಿಗೆ ಬರೆದು ತೋರಿಸಿದರು.

ಅರ್ಧ ಹಣ ಅವಳು ಕೂಡಿಟ್ಟಿದ್ದಳು. ಉಳಿದರ್ಧ ಕಾರ್ಡಿನಿಂದ ಕೊಟ್ಟು ತಿಂಗಳು ತಿಂಗಳು ಕಟ್ಟುವುದು ಎಂದು ಲೆಕ್ಕ ಹಾಕಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನನ್ನು ಕಿಟಕಿಯ ಕಡೆ ಸರಿಸಿ, ಕಟಿಂಗ್ ಮಷಿನ್ನಿನ ನಾಲ್ಕು ಕಾಲು ಎಲ್ಲೆಲ್ಲಿ ಬರಬೇಕೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಳು. ನಾಲ್ಕು ಚೌಕ. ನಾನು ಗುಡಿಸುವಾಗ ಅದರ ಮೇಲೆ ಪೊರಕೆ ತಾಗಿದರೂ ಕಣ್ಣು ಬಿಡುತ್ತಿದ್ದಳು.

ಈಗ ನನ್ನ ತಪ್ಪು ಹೇಳುತ್ತೇನೆ. ಕಾರ್ಡಿಗೆ ಅರ್ಜಿ ತುಂಬುವಾಗ ತಂಗಿ ತನ್ನ ಫೋನ್ ನಂಬರು ಬರೆದಿದ್ದಳು. ನಾನು ಮೂಗು ತೂರಿಸಿದೆ. ಬ್ಯಾಂಕಿನವರು ಫೋನ್ ಮಾಡಿದರೆ ನೀನು ಏನು ಕೇಳಿಸಿಕೊಳ್ಳುತ್ತೀಯಾ ಎಂದೆ. ಮೆಸೇಜ್ ಓದುತ್ತೇನಲ್ಲ ಎಂದಳು. ನಾನು ಬಿಡಲಿಲ್ಲ, ಅದನ್ನು ಹೊಡೆದುಹಾಕಿಸಿ ನನ್ನ ನಂಬರು ಬರೆಸಿದೆ. ಚಿಕ್ಕಂದಿನಿಂದ ಅವಳ ಕಿವಿ ನಾನೇ ಎಂಬ ದೊಡ್ಡಸ್ತಿಕೆ ನನಗೆ. ಆಸ್ಪತ್ರೆಗಾಗಲಿ, ಕರೆಂಟಿನ ಆಫೀಸಿಗಾಗಲಿ ಫೋನ್ ಮಾಡಿದಾಗ ಅಕ್ಕ ಎಂದು ಹೇಳಿದರೆ ಅವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಅವಳ ಹೆಸರು ಹೇಳಿ, ನಾನೇ ಮಾತಾಡುತ್ತಿರುವುದು ಎಂದುಬಿಡುತ್ತಿದ್ದೆ. ಎಷ್ಟೋ ವರ್ಷದ ರೂಢಿ. ಒಂದು ದಿನವೂ ಅದು ತಪ್ಪು ಅನಿಸಿರಲಿಲ್ಲ.

ಕವರು ಬಂದ ಸಂಜೆ ತಂಗಿ ಅದನ್ನು ತಿರುಗಿಸಿ ಮುರುಗಿಸಿ, ಅಂಟು ಎಲ್ಲೂ ಎದ್ದಿಲ್ಲವೆಂದು ನೋಡಿಯೇ ಬಿಚ್ಚಿದಳು. ಒಳಗಿದ್ದ ಕಾಗದವನ್ನು ಎರಡೂ ಬದಿ ಓದಿದಳು. ಕಾರ್ಡು ಬಂದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ, ಆಕ್ಟಿವೇಟ್ ಮಾಡಬೇಕು, ನಾಳೆ ಕೆಲಸ ಮುಗಿಸಿ ಎಟಿಎಂಗೆ ಹೋಗಿ ಪಿನ್ ಹಾಕಿಕೊಳ್ಳುತ್ತೇನೆ ಎಂದು ಕೈಯಲ್ಲಿ ಹೇಳಿದಳು. ಬ್ಯಾಂಕಿನಿಂದ ಒಂದು ಒಟಿಪಿ ಬರುತ್ತದೆ, ಅದು ನಿನ್ನ ಫೋನಿಗೆ ಬರುವುದರಿಂದ ನೀನೂ ಬಾ ಎಂದಳು. ಕಾರ್ಡನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಳು.

ಮರುದಿನ ಬೆಳಿಗ್ಗೆ ಅವಳು ಹೊರಟು ಒಂದು ಗಂಟೆಯಾಗಿರಬೇಕು, ನನ್ನ ಫೋನು ಹೊಡೆದುಕೊಂಡಿತು. ಗಂಡಸಿನ ದನಿ, ಬಹಳ ಮೆತ್ತಗೆ. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ಹೊಸ ಕಾರ್ಡು ಬಂದಿದೆಯಾ ಎಂದು ಕೇಳಿದ. ಬಂದಿದೆ ಎಂದೆ. ಇವತ್ತು ಹನ್ನೆರಡರೊಳಗೆ ಆಕ್ಟಿವೇಟ್ ಮಾಡದಿದ್ದರೆ ರದ್ದಾಗುತ್ತದೆ ಎಂದ. ಕಣ್ಣ ಮುಂದೆ ಆ ನಾಲ್ಕು ಚೌಕ ಬಂತು.

"ಕಾರ್ಡಿನ ಮೇಲಿರೋ ಹೆಸರು ನಿಮ್ಮದೇ ತಾನೇ ಮೇಡಂ?" ಎಂದ.

"ಹೌದು, ನಾನೇ," ಎಂದು ತಂಗಿಯ ಹೆಸರು ಹೇಳಿದೆ.

ಆಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಂದೊಂದೇ ತೆಗೆದ. ಬೀರು ತೆರೆದು ಕಾರ್ಡು ತಂದೆ. ಮುಂದಿನ ಹದಿನಾರು ಅಂಕಿ ಓದಿದೆ, ಹಿಂದಿನ ಮೂರು ಅಂಕಿ ಓದಿದೆ, ಅವಳು ಹುಟ್ಟಿದ ದಿನ ಹೇಳಿದೆ. ಮೆಸೇಜಿನಲ್ಲಿ ಒಂದು ಒಟಿಪಿ ಬಂತು, ಹೇಳಿದೆ. ಎರಡನೆಯದು ಬಂತು, ಅದನ್ನೂ ಹೇಳಿದೆ. ಕನ್ನಡಕ ಮಷಿನ್ನಿನ ಮೇಲಿತ್ತು. ದೊಡ್ಡದಾಗಿ ಕಂಡ ಅಂಕಿ ಮಾತ್ರ ಓದಿದೆ. ಇದನ್ನು ಯಾರಿಗೂ ಹೇಳಬೇಡಿ ಎಂದು ಅದರ ಪಕ್ಕದಲ್ಲೇ ಬರೆದಿತ್ತಂತೆ. ನಾನು ಕಂಡೆನೇ?

ಕಾರ್ಡು ಚಾಲೂ ಆಯಿತು ಎಂದು ಹೇಳಿ ಅವನು ಇಟ್ಟ. ನನಗೋ ಹೆಮ್ಮೆ. ತಂಗಿಗೆ ಒಂದು ಓಡಾಟ ತಪ್ಪಿಸಿದೆನಲ್ಲ ಎಂದುಕೊಂಡು ಜಿಪ್ಪಿನ ಕೆಲಸಕ್ಕೆ ಕೂತೆ. ಅಷ್ಟರಲ್ಲಿ ಮತ್ತೊಂದು ಮೆಸೇಜು. ಈ ಸಲ ಕನ್ನಡಕ ಹಾಕಿಕೊಂಡು ಓದಿದೆ. ಕಾರ್ಡಿನಿಂದ ಯಾವುದೋ ಅಂಗಡಿಗೆ ಹಣ ಹೋಗಿತ್ತು. ಅದೇ ನಂಬರಿಗೆ ವಾಪಸ್ ಮಾಡಿದೆ. ಎತ್ತಿದ. ಅದು ಪರೀಕ್ಷೆಗೆ ತೆಗೆದದ್ದು, ವಾಪಸ್ ಬರಬೇಕಾದರೆ ಇನ್ನೊಂದು ಒಟಿಪಿ ಬರುತ್ತದೆ, ಅದನ್ನು ಹೇಳಿ ಎಂದ. ಆಗ ನನಗೆ ಅನುಮಾನ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಬಂದಿತ್ತು. ಆದರೆ ಹೇಳದೇ ಇದ್ದರೆ ನಾನು ಮೋಸ ಹೋದೆ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಹೇಳಿಬಿಟ್ಟೆ. ದೊಡ್ಡ ಮೊತ್ತ ಹೋದದ್ದು ಆಗಲೇ. ಮತ್ತೆ ಮಾಡಿದಾಗ ಆ ಫೋನು ಸ್ವಿಚ್ ಆಫ್.

ತಂಗಿಯ ಕಾರ್ಖಾನೆಗೆ ಹತ್ತು ನಿಮಿಷದ ನಡಿಗೆ. ನಾನು ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ಸಂಜೆ ಆರರ ತನಕ ಕೂತೇ ಇದ್ದೆ. ಊಟವಿಲ್ಲ, ಕೆಲಸವಿಲ್ಲ. ಗಿರಾಕಿ ಬಂದು ಪ್ಯಾಂಟು ಕೇಳಿದರೆ ನಾಳೆ ಬನ್ನಿ ಎಂದೆ. ಮಧ್ಯೆ ಇನ್ನೂ ಎರಡು ಮೆಸೇಜು ಬಂದವು, ಓದಲು ಧೈರ್ಯವಾಗದೆ ಫೋನನ್ನು ಮಗುಚಿ ಇಟ್ಟೆ.

ಸಂಜೆ ತಂಗಿ ಬಂದಳು. ಹೇಳಿದೆ. ಅವಳು ಫೋನು ತೆಗೆದುಕೊಂಡು ಒಂದೊಂದಾಗಿ ಓದಿದಳು. ನಿನ್ನೆಯ ಕಾಗದ ತಂದು ನನ್ನ ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. ನಾವು ಯಾವತ್ತೂ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ ಎಂದು ಬ್ಯಾಂಕಿನವರೇ ಬರೆದಿದ್ದರು. ಆಮೇಲೆ ಕೈಯಲ್ಲಿ ಕೇಳಿದಳು:

"ನೀನೇ ನಾನು ಅಂತ ಹೇಳಿದ್ಯಾ?"

ತಲೆಯಾಡಿಸಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾರ್ಡಿನ ಹಿಂದೆ ಅಚ್ಚಾಗಿದ್ದ ಬ್ಯಾಂಕಿನ ನಂಬರು ನೋಡಿ, ನನ್ನ ಫೋನಿನಿಂದಲೇ ಮೆಸೇಜು ಕಳಿಸಿ ಕಾರ್ಡನ್ನು ಬ್ಲಾಕ್ ಮಾಡಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಯಾರ ಬಾಯಿಯೂ ಬೇಕಾಗಲಿಲ್ಲ, ಯಾರ ಕಿವಿಯೂ ಬೇಕಾಗಲಿಲ್ಲ.

ಮರುದಿನ ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿದ್ದ ಹೆಂಗಸು ಏನಾಯಿತು ಎಂದು ಕೇಳಿದ ಕೂಡಲೇ ನಾನು ಅರಳು ಹುರಿದ ಹಾಗೆ ಶುರುಮಾಡಿದೆ. ಆಕೆ ಕೈ ಎತ್ತಿ ತಡೆದಳು. "ಅಮ್ಮಾ, ನಾನು ಅವರನ್ನ ಕೇಳ್ತಿದೀನಿ," ಎಂದು ಹೇಳಿ ಒಂದು ಹಾಳೆ ತೆಗೆದು ಪ್ರಶ್ನೆ ಬರೆದು ತಂಗಿಯ ಮುಂದೆ ಸರಿಸಿದಳು. ತಂಗಿ ಉತ್ತರ ಬರೆದಳು. ಹಾಳೆ ಅತ್ತಿತ್ತ ಹೋಗುತ್ತಿತ್ತು, ನಾನು ಬೆಂಚಿನ ತುದಿಯಲ್ಲಿ ಕೈಚೀಲ ಹಿಡಿದು ಕೂತಿದ್ದೆ. ಅವರಿಬ್ಬರ ಮಾತು ನನಗೆ ಕೇಳಿಸಲಿಲ್ಲ. ಇಷ್ಟು ವರ್ಷ ತಂಗಿ ಹೀಗೇ ನನ್ನ ಪಕ್ಕದಲ್ಲಿ ಕೂತಿದ್ದಳು ಎಂದು ಆಗ ಹೊಳೆಯಿತು.

ಕೊನೆಗೆ ನನಗೇ ತಡೆಯಲಾಗಲಿಲ್ಲ. ಪಾಪ, ಅವಳಿಗೆ ಕಿವಿ ಕೇಳಿಸದೇ ಇದ್ದದ್ದಕ್ಕೆ ಹೀಗಾಯಿತು ಎಂದೆ. ಕೌಂಟರಿನವಳು ಪೆನ್ನು ಕೆಳಗಿಟ್ಟಳು.

"ಕೇಳಿಸದವರಿಂದ ಏನೂ ಆಗಿಲ್ಲ ಅಮ್ಮಾ. ಎಲ್ಲಾ ಕೇಳಿಸ್ಕೊಂಡಿದ್ದು ನೀವು. ಇವರ ನಂಬರೇ ಕೊಟ್ಟಿದ್ರೆ ಆ ಕಳ್ಳನ ಹತ್ರ ಮಾತಾಡೋಕೆ ಯಾರೂ ಸಿಗ್ತಾನೇ ಇರ್ಲಿಲ್ಲ."

ಅವನಿಗೆ ನಮ್ಮ ಬಗ್ಗೆ ಏನೂ ಗೊತ್ತಿರಲಿಲ್ಲವಂತೆ. ಹೀಗೇ ಹತ್ತು ಜನಕ್ಕೆ ಫೋನ್ ಮಾಡುತ್ತಾರೆ, ಅವರಲ್ಲಿ ಒಬ್ಬರಿಗೆ ಕಾರ್ಡು ಬಂದಿರುತ್ತದೆ ಎಂದಳು. ಹೆಸರು, ಹುಟ್ಟಿದ ದಿನ, ಅಂಕಿ, ಎಲ್ಲ ನಾನೇ ಕೈಯಾರೆ ಕೊಟ್ಟದ್ದು. ಮೊದಲ ಮೆಸೇಜು ಬಂದಾಗಲೇ ತಿಳಿಸಿದ್ದರೆ ಕಾರ್ಡು ಅಲ್ಲಿಗೇ ನಿಲ್ಲುತ್ತಿತ್ತು, ಮುಂದಿನದೆಲ್ಲ ಉಳಿಯುತ್ತಿತ್ತು ಎಂದೂ ಹೇಳಿದಳು. ದೂರು ಬರೆಸಿಕೊಂಡರು. ಪೊಲೀಸರಿಗೂ ಕೊಟ್ಟೆವು. ಒಟಿಪಿಯನ್ನು ಮನೆಯವರೇ ಹೇಳಿರುವುದರಿಂದ ಹಣ ಬರುತ್ತದೆ ಎಂದು ಮಾತು ಕೊಡಲಾರೆವು ಎಂದರು. ಏಳು ತಿಂಗಳಾಯಿತು, ಇನ್ನೂ ಬಂದಿಲ್ಲ. ಕೂಡಿಟ್ಟ ಅರ್ಧ ಹಣ ಕಳ್ಳ ತೆಗೆದ ಕಾರ್ಡಿನ ಬಾಕಿ ಕಟ್ಟುವುದಕ್ಕೇ ಹೋಯಿತು.

ತಿಂಗಳು ಕಳೆದ ಮೇಲೆ ಯಜಮಾನರು ಮಷಿನ್ನನ್ನು ಬೇರೆಯವರಿಗೆ ಮಾರಿದರು. ಅವರನ್ನು ದೂರುವುದಿಲ್ಲ, ಅವರು ಒಂದು ವಾರ ಹೆಚ್ಚೇ ಕಾದರು. ಗಾಡಿಗೆ ಏರಿಸುವ ದಿನ ನಾನೂ ಹೋಗಿದ್ದೆ. ಹತ್ತೊಂಬತ್ತು ವರ್ಷ ಅದಕ್ಕೆ ಎಣ್ಣೆ ಹಾಕಿದವಳು ನನ್ನ ತಂಗಿ. ಅದರ ಚಕ್ರವನ್ನು ಪೂರ್ತಿ ತಿರುಗಿಸುವ ಮೊದಲು ಒಂದು ಬೋಲ್ಟನ್ನು ಕಾಲು ಸುತ್ತು ಸಡಿಲ ಮಾಡಬೇಕು, ಇಲ್ಲದಿದ್ದರೆ ಅಲಗು ಓರೆಯಾಗುತ್ತದೆ. ಕೊಂಡವನಿಗೆ ಅದು ಗೊತ್ತಿಲ್ಲವಲ್ಲ. ತಂಗಿ ಅವನ ಕೈ ಹಿಡಿದು ಬೋಲ್ಟಿನ ಮೇಲೆ ಇರಿಸಿ ತೋರಿಸಿಕೊಟ್ಟಳು, ತನ್ನ ಏಪ್ರನ್ ಜೇಬಿನಲ್ಲಿದ್ದ ಸ್ಪ್ಯಾನರನ್ನೂ ಕೊಟ್ಟಳು. ಆಮೇಲೆ ಗಾಡಿ ತಿರುವು ದಾಟುವವರೆಗೂ ನಿಂತಿದ್ದಳು. ಈಗ ಇನ್ನೊಂದು ಕಡೆ ದಿನಗೂಲಿಗೆ ಹೋಗುತ್ತಾಳೆ.

ಆ ದಿನದಿಂದ ನಮ್ಮ ಮನೆಯಲ್ಲಿ ಮಾತು ನಿಂತಿತು. ನಾನು ಕೈ ಎತ್ತಿ ಮಾತಾಡಲು ಹೋದರೆ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವಳು ಕಣ್ಣು ಮುಚ್ಚಿದರೆ ನನ್ನ ಮಾತಿಗೆ ಎಲ್ಲಿಯ ದಾರಿ? ಅಡುಗೆ ಮಾಡಿಟ್ಟರೆ ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಅಷ್ಟೇ.

ಎರಡು ತಿಂಗಳಾದ ಮೇಲೆ ಬದಲಿ ಕಾರ್ಡು ಬಂತು. ಈ ಸಲ ಬ್ಯಾಂಕಿನಲ್ಲಿ ಅವಳದೇ ನಂಬರು ಇತ್ತು. ಕೊರಿಯರಿನವನ ಮೆಸೇಜು ಅವಳಿಗೇ ಹೋಗಿ, ಅವಳೇ ಸಹಿ ಹಾಕಿ ತೆಗೆದುಕೊಂಡು ಬಂದಳು. ನಾನು ಹೆದರಿ ಬೇಡವೆಂದೆ. ಅಂದು ಮೊದಲ ಸಲ ಕಣ್ಣು ಮುಚ್ಚದೆ ನನ್ನ ಕೈ ನೋಡಿದಳು.

"ಮಷಿನ್ನೇ ಹೋಯ್ತು. ಇನ್ನು ಈ ಕಾರ್ಡ್ ಯಾಕೆ?" ಎಂದೆ.

"ತಪ್ಪು ಮಾಡಿದ್ದು ಕಾರ್ಡಲ್ಲ," ಎಂದಳು.

ಮೇಜಿನ ಮುಂದೆ ಕೂತು ಅಂಟು ನೋಡಿದಳು, ಹೆಸರು ನೋಡಿದಳು, ಕಾರ್ಡಿನ ಹಿಂದೆ ಸಹಿ ಹಾಕಿದಳು, ಕಾಗದವನ್ನು ಎರಡೂ ಬದಿ ಓದಿದಳು. ಹಳೆಯ ಕಾರ್ಡನ್ನು ನನ್ನ ಕತ್ತರಿಯಿಂದಲೇ ನಾಲ್ಕು ತುಂಡು ಮಾಡಿದಳು. ಬಟ್ಟೆಯ ಕತ್ತರಿ ಹಾಳಾಗುತ್ತದೆ ಎಂದು ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದೆ. ಆಮೇಲೆ ಚಪ್ಪಲಿ ಮೆಟ್ಟಿ ಎಟಿಎಂಗೆ ಹೊರಟಳು. ನಾನು ಕರೆಯದೆಯೇ ಹಿಂದೆ ಹೋದೆ.

ಒಳಗೆ ಅವಳೊಬ್ಬಳೇ ಹೋದಳು. ನಾನು ಗಾಜಿನ ಬಾಗಿಲಿಗೆ ಬೆನ್ನು ಮಾಡಿ ಹೊರಗೆ ನಿಂತೆ. ಒಟಿಪಿ ಅವಳ ಫೋನಿಗೇ ಬಂದಿರಬೇಕು, ಪಿನ್ ಅವಳೇ ಒತ್ತಿರಬೇಕು. ನಾನು ನೋಡಲಿಲ್ಲ. ಅಷ್ಟರಲ್ಲಿ ಒಳಗಿನ ಯಂತ್ರ ಪೀಂ ಎಂದು ಕೂಗಿತು. ಅವಳಿಗೆ ಕೇಳಿಸಿರುವುದಿಲ್ಲ ಎಂದು ನನ್ನ ಕೈ ತಾನೇ ಮೇಲೆದ್ದಿತು. ತಿರುಗಿ ಬಾಗಿಲು ತಳ್ಳಿ, ಕೂಗಿತು ನೋಡು, ಕಾರ್ಡು ತೆಗೆದುಕೋ ಎನ್ನಲು ಹೋದೆ. ಬೆರಳು ಗಾಜಿಗೆ ತಾಗುವ ಮೊದಲೇ ಅವಳು ಪರದೆಯ ಮೇಲಿನ ಅಕ್ಷರ ಓದಿ, ಕಾರ್ಡು ತೆಗೆದುಕೊಂಡು ಚೀಲದೊಳಗೆ ಹಾಕಿದ್ದಳು. ನಾನು ಕೈ ಇಳಿಸಿದೆ. ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ಪಕ್ಕದಲ್ಲೇ ನಡೆದಳು.

ನೆಲದ ಮೇಲಿನ ಆ ನಾಲ್ಕು ಚೌಕ ಮಾಸುತ್ತಾ ಬಂದಿವೆ. ಪೊರಕೆ ತಾಗಿದರೆ ಈಗ ಯಾರೂ ಕಣ್ಣು ಬಿಡುವುದಿಲ್ಲ. ನಾನೇ ಸುತ್ತಿಕೊಂಡು ಗುಡಿಸುತ್ತೇನೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳೇ, ನಿಮ್ಮ ಮನೆಗೂ ನಾಳೆ ಇಂಥದೊಂದು ಕವರು ಬರಬಹುದು. ಅದರಲ್ಲಿ ನಿಮ್ಮ ಹೆಸರಿದ್ದರೆ ನೀವೇ ಬಿಚ್ಚಿ, ನೀವೇ ಓದಿ, ನಿಮ್ಮದೇ ಫೋನಿನಿಂದ, ಆ ಕಾಗದದಲ್ಲಿ ಹೇಳಿದ ದಾರಿಯಲ್ಲೇ ಆಕ್ಟಿವೇಟ್ ಮಾಡಿಕೊಳ್ಳಿ. ಅರ್ಥವಾಗದಿದ್ದರೆ ಬ್ಯಾಂಕಿಗೇ ಹೋಗಿ ಕೇಳಿ, ನಾಚಿಕೆ ಬೇಡ. ತಾನಾಗಿ ಫೋನ್ ಮಾಡಿ ಒಟಿಪಿ ಕೇಳಿದವನು ಎಷ್ಟು ಮೆತ್ತಗೆ ಮಾತಾಡಿದರೂ ಕಳ್ಳನೇ, ಇಟ್ಟುಬಿಡಿ. ಒಂದು ವೇಳೆ ಹೇಳಿಬಿಟ್ಟಿದ್ದರೆ ನನ್ನ ಹಾಗೆ ಸಂಜೆಯವರೆಗೆ ಮುಖ ಮುಚ್ಚಿಕೊಂಡು ಕೂರಬೇಡಿ, ಆ ಕ್ಷಣವೇ ಕಾರ್ಡು ನಿಲ್ಲಿಸಿ. ಇನ್ನು ಕವರಿನ ಮೇಲೆ ಬೇರೆಯವರ ಹೆಸರಿದ್ದರೆ, ಅವರಿಗೆ ಕಣ್ಣು ಕಾಣದಿರಲಿ, ಕಿವಿ ಕೇಳದಿರಲಿ, ವಯಸ್ಸಾಗಿರಲಿ, ಕೇಳಿದಷ್ಟು ಸಹಾಯ ಮಾಡಿ. ಅವರ ಹೆಸರು ಹೇಳಿಕೊಂಡು ನೀವು ಮಾತಾಡಬೇಡಿ. ಅಕ್ಕನಾಗಿದ್ದರೆ ಅಕ್ಕನಾಗಿಯೇ ಇರಿ.